ಮಗುವಾಗಿದ್ದಾಗ ಆದ ದೀಕ್ಷಾಸ್ನಾನ ಸಾಲದೇ? ಪಾಪ, ನೀರು, ಸೇವೆಯ ಕರೆ

ಗೊಂದಲದಲ್ಲಿ ಒಬ್ಬಳು:
ನಮ್ಮದು ಮಂಗಳೂರಿನ ಹಳೆಯ ಬಾಸೆಲ್ ಮಿಶನ್ (ಸ್ವಿಟ್ಜರ್‌ಲೆಂಡಿನ ಪ್ರೊಟೆಸ್ಟಂಟ್ ಮಿಶನರಿ ಸಂಸ್ಥೆ) ಮನೆತನ. ಈಗ ಸಿ.ಎಸ್.ಐ. (ದಕ್ಷಿಣ ಭಾರತ ಸಭೆ) ಸೇರಿದವರು. ಕೈಗೂಸಾಗಿದ್ದಾಗಲೇ ನನಗೆ ದೀಕ್ಷಾಸ್ನಾನ (ಬ್ಯಾಪ್ಟಿಸಮ್) ಆಗಿದೆ, ಹೈಸ್ಕೂಲಿನಲ್ಲಿದ್ದಾಗ ದೃಢೀಕರಣವೂ (ಆ ನಂಬಿಕೆಯನ್ನು ನಾನೇ ಸಭೆಯ ಮುಂದೆ ಒಪ್ಪಿಕೊಳ್ಳುವ ವಿಧಿ) ಆಯಿತು. ಕೆಲಸ ಸಿಕ್ಕಿ ಬೆಂಗಳೂರಿಗೆ ಬಂದ ಮೇಲೆ ಗೆಳತಿಯ ಜೊತೆ ಬೇರೊಂದು ಸಭೆಗೆ ಹೋಗುತ್ತಿದ್ದೇನೆ. ಅಲ್ಲಿನ ಪ್ರಾರ್ಥನೆ ನನಗೆ ಹಿಡಿಸಿದೆ, ಅದನ್ನು ಮುಚ್ಚಿಡುವುದಿಲ್ಲ. ಆದರೆ ಅಲ್ಲಿನ ಪಾಸ್ಟರ್ ಹೇಳುವುದು ಹೀಗೆ: ಮಾನಸಾಂತರವಿಲ್ಲದೆ, ಅಂದರೆ ಪಾಪಕ್ಕೆ ಪಶ್ಚಾತ್ತಾಪಪಟ್ಟು ದೇವರ ಕಡೆ ತಿರುಗದೆ, ತಲೆಯ ಮೇಲೆ ಬಿದ್ದ ನೀರು ಬರೀ ನೀರು, ನಿನ್ನ ಪಾಪ ಇನ್ನೂ ನಿನ್ನ ಮೇಲೇ ಇದೆ, ಮುಳುಗಿ ದೀಕ್ಷೆ ತೆಗೆದುಕೊಂಡು ಸೇವೆಗೆ ಇಳಿ. ಸೇವೆ ಎಂದರೆ ಹಳ್ಳಿಗಳಿಗೆ ಹೋಗಿ ಸುವಾರ್ತೆ ಸಾರುವುದು. ಅಮ್ಮನಿಗೆ ಫೋನಿನಲ್ಲಿ ಹೇಳಿದೆ, ಅತ್ತುಬಿಟ್ಟರು. "ನಿನ್ನ ಅಜ್ಜ ಉಪದೇಶಿಯಾಗಿದ್ದವರು. ಅವರದೂ ಶಿಶು ದೀಕ್ಷೆಯೇ. ಅವರು ಸಾರಿದ್ದೆಲ್ಲ ಸುಳ್ಳೇ?" ಎಂದು ಕೇಳಿದರು. ನನ್ನ ಬಳಿ ಉತ್ತರವಿರಲಿಲ್ಲ. ತಿಳಿದವರು ಹೇಳಿ. ದಯವಿಟ್ಟು ಜಗಳ ಬೇಡ.

ಯೊರ್ದನ್ ಹೊಳೆ:
ಸಹೋದರಿ, ನಿಮ್ಮ ಪಾಸ್ಟರ್ ಹೇಳಿದ್ದು ಸತ್ಯವೇದದಲ್ಲಿರುವುದನ್ನೇ. ಪಂಚಾಶತ್ತಮ ದಿನದಂದು (ಪೆಂಟೆಕೋಸ್ಟ್ ಹಬ್ಬ) ಯೇಸುವಿನ ಶಿಷ್ಯ ಪೇತ್ರನ ಮಾತು ಕೇಳಿ ಜನರ ಎದೆಗೆ ಅಲುಗು ನೆಟ್ಟಂತಾಯಿತು. ಆಗ ಅವನು ಮೊದಲು ಹೇಳಿದ್ದು ಮಾನಸಾಂತರ, ಆಮೇಲೆ ಹೇಳಿದ್ದು ದೀಕ್ಷಾಸ್ನಾನ. ಈ ಕ್ರಮವನ್ನು ತಿರುಗಿಸುವ ಅಧಿಕಾರ ಯಾವ ಸಭೆಗೂ ಇಲ್ಲ. ಅಪೊಸ್ತಲರ ಕೃತ್ಯಗಳ ಎಂಟನೆಯ ಅಧ್ಯಾಯದಲ್ಲಿ ಐಥಿಯೋಪ್ಯದ ಕಂಚುಕಿ ರಥ ನಿಲ್ಲಿಸಿ ನೀರಿಗೆ ಇಳಿಯುತ್ತಾನೆ, ರಥದಲ್ಲೇ ಕುಳಿತು ಚಿಮುಕಿಸಿಕೊಳ್ಳುವುದಿಲ್ಲ. ರೋಮಾಪುರದವರಿಗೆ ಬರೆದ ಪತ್ರದಲ್ಲಿ ಪೌಲನು ದೀಕ್ಷಾಸ್ನಾನವನ್ನು ಕ್ರಿಸ್ತನೊಂದಿಗೆ ಹೂಳಲ್ಪಡುವುದು ಎನ್ನುತ್ತಾನೆ. ಹಿಡಿ ಮಣ್ಣು ಎರಚಿ ಹೂಳಿದೆವು ಎನ್ನುವವರುಂಟೇ? ಮೂರು ತಿಂಗಳ ಮಗು ಯಾವ ಪಾಪಕ್ಕಾಗಿ ಮಾನಸಾಂತರ ಪಡಬೇಕು?

ಕುಲಶೇಖರದ ಕಥೋಲಿಕ:
ಆ ಕೊನೆಯ ಪ್ರಶ್ನೆ 1600 ವರ್ಷ ಹಳೆಯದು. ಹುಟ್ಟಿನಿಂದ ಬರುವ ಪಾಪವಿಲ್ಲ ಎಂದ ಪೆಲಾಗಿಯಸ್ ಮತ್ತು ಬಿಷಪ್ ಅಗಸ್ಟೀನರ ನಡುವಿನ ವಾದವೇ ಅದು. ಅಗಸ್ಟೀನರ ಉತ್ತರ: ಪಾಪವೆಂದರೆ ನಾವು ಮಾಡುವ ತಪ್ಪುಗಳ ಪಟ್ಟಿಯಷ್ಟೇ ಅಲ್ಲ, ನಾವು ಹುಟ್ಟಿಬರುವ ಸ್ಥಿತಿಯೂ ಹೌದು. ಮಗು ತಾನಾಗಿ ಏನನ್ನೂ ಮಾಡಲಾರದು, ಏನನ್ನೂ ಕೇಳಲಾರದು. ಅದಕ್ಕೇ ಅಲ್ಲವೇ ಅದನ್ನು ಕೃಪೆ ಎನ್ನುವುದು! 418ರಲ್ಲಿ ಕಾರ್ಥೇಜಿನಲ್ಲಿ ಸೇರಿದ ಬಿಷಪರ ಸಭೆ ಅಗಸ್ಟೀನರ ಪರವಾಗಿ ನಿಂತಿತು.

ತಮಾಷೆಯೆಂದರೆ ಸ್ವತಃ ಅಗಸ್ಟೀನರಿಗೆ ಶಿಶು ದೀಕ್ಷೆ ಆಗಿರಲಿಲ್ಲ. 387ರ ಈಸ್ಟರ್ ರಾತ್ರಿ, ಮಿಲಾನಿನಲ್ಲಿ, ಬಿಷಪ್ ಅಂಬ್ರೋಸರ ಕೈಯಲ್ಲಿ ಅವರಿಗೆ ಸ್ನಾನವಾದಾಗ ವಯಸ್ಸು 32. ಆ ಕಾಲದಲ್ಲಿ ಮುಂದೂಡುವುದೇ ವಾಡಿಕೆ. ದೀಕ್ಷೆಯ ನಂತರದ ಪಾಪಕ್ಕೆ ಪ್ರಾಯಶ್ಚಿತ್ತ ಕಠಿಣ, ಆದ್ದರಿಂದ ಮಾಡುವುದನ್ನೆಲ್ಲ ಮಾಡಿ ಮುಗಿಸಿ ಆಮೇಲೆ ತೊಳೆದುಕೊಳ್ಳೋಣ ಎಂಬ ಲೆಕ್ಕಾಚಾರ. ಚಕ್ರವರ್ತಿ ಕಾನ್‌ಸ್ಟಂಟೈನ್ 337ರಲ್ಲಿ ಸಾಯುವ ಹಾಸಿಗೆಯಲ್ಲಿ ದೀಕ್ಷೆ ಪಡೆದ. ಬೆಳೆದವರಿಗೆ ಮಾತ್ರ ದೀಕ್ಷೆ ಎಂದರೆ ಎಲ್ಲರೂ ಪ್ರಾಮಾಣಿಕರಾಗಿಬಿಡುತ್ತಾರೆ ಎಂದುಕೊಳ್ಳಬೇಡಿ, ಯೊರ್ದನ್ ಅವರೇ.

ಇನ್ನು ಎರಡನೆಯ ಸಲದ ವಿಷಯ. ನೈಸಿಯಾದ ವಿಶ್ವಾಸ ಪ್ರಮಾಣದಲ್ಲಿ ನೀವೂ ನಾವೂ ಒಪ್ಪುವ ಸಾಲೊಂದಿದೆ, ಪಾಪಕ್ಷಮೆಗಾಗಿ ಒಂದೇ ಸ್ನಾನ ಎಂದು. ಈ ಹುಡುಗಿ ನಾಳೆ ನಮ್ಮ ಇಗರ್ಜಿಗೆ ಸೇರಿದರೂ ನಾವು ಅವಳಿಗೆ ಮತ್ತೆ ನೀರು ಹಾಕುವುದಿಲ್ಲ. ತ್ರಿತ್ವದ (ತಂದೆ, ಮಗ, ಪವಿತ್ರಾತ್ಮ) ಹೆಸರಿನಲ್ಲಿ ನೀರಿನಿಂದ ಆಗಿದ್ದರೆ ಆಯಿತು, ಕೊಟ್ಟವರು ಪ್ರೊಟೆಸ್ಟಂಟರಾದರೇನು?

ಬೆಟಗೇರಿ ಮೇಷ್ಟರು:
ನಿವೃತ್ತ ಇತಿಹಾಸ ಮೇಷ್ಟ್ರು ನಾನು, ಮಾತು ಉದ್ದವಾಗುತ್ತದೆ, ಸಹಿಸಿಕೊಳ್ಳಿ. ಯೊರ್ದನ್ ಹೊಳೆಯವರ ವಾದದ ಯುರೋಪಿನ ಬೇರು ಜ್ಯೂರಿಕ್‌ನಲ್ಲಿದೆ. 1525ರ ಜನವರಿಯಲ್ಲಿ ಕಾನ್ರಾಡ್ ಗ್ರೇಬೆಲ್ ಎಂಬಾತ ಜಾರ್ಜ್ ಬ್ಲಾವ್‌ರಾಕ್ ಎಂಬಾತನಿಗೆ ಮನೆಯೊಂದರಲ್ಲಿ ದೀಕ್ಷಾಸ್ನಾನ ಕೊಟ್ಟ. ಇಬ್ಬರಿಗೂ ಶಿಶು ದೀಕ್ಷೆ ಆಗಿತ್ತು. ಅಂದು ನೀರು ಸುರಿದರೇ ಹೊರತು ಮುಳುಗಿಸಲಿಲ್ಲ ಎಂಬುದನ್ನೂ ಹೇಳಿಬಿಡುತ್ತೇನೆ. ಮುಳುಗಿಸಿದ್ದು ನಗರಾಡಳಿತ! 1527ರ ಜನವರಿಯಲ್ಲಿ ಅವರ ಸಂಗಡಿಗ ಫೆಲಿಕ್ಸ್ ಮಾಂಟ್ಸ್‌ನನ್ನು ಕೈಕಾಲು ಕಟ್ಟಿ ಲಿಮ್ಮಾಟ್ ನದಿಗೆ ಹಾಕಿ ಕೊಂದರು. ಹಾಕಿಸಿದವರು ಸುಧಾರಣಾವಾದಿ ಪ್ರೊಟೆಸ್ಟಂಟರು. ಎರಡನೆಯ ಸ್ನಾನ ಬೇಡ ಎನ್ನುವವರ ಕೈಯೂ ಶುದ್ಧವಾಗಿಲ್ಲ.

ಇನ್ನೊಂದು ಸ್ವಾರಸ್ಯ. ಬಾಸೆಲ್ ಮಿಶನ್ ಹುಟ್ಟಿದ ಬಾಸೆಲ್ ಊರಿನಲ್ಲೇ 20ನೇ ಶತಮಾನದಲ್ಲಿ ಪಾಠ ಹೇಳುತ್ತಿದ್ದ ದೇವತಾಶಾಸ್ತ್ರಜ್ಞ ಕಾರ್ಲ್ ಬಾರ್ತ್ 1943ರಲ್ಲಿ ಶಿಶು ದೀಕ್ಷೆಯನ್ನು ಕಟುವಾಗಿ ಟೀಕಿಸಿದರು. ಅದು ಗಾಯಗೊಂಡ ದೀಕ್ಷೆ ಎಂಬ ಧಾಟಿಯ ಟೀಕೆ. ಹಾಗಿದ್ದೂ ಮತ್ತೊಮ್ಮೆ ದೀಕ್ಷೆ ಕೊಡಿ ಎಂದು ಅವರು ಹೇಳಲಿಲ್ಲ. ಕ್ರಮ ತಪ್ಪಿದೆ, ಆದರೆ ಆದದ್ದು ಆಗಿದೆ ಎಂಬ ನಿಲುವು. ನನಗೆ ಅದೇ ಸರಿ ಎನಿಸುತ್ತದೆ.

ಅಮ್ಮನ ಪ್ರಶ್ನೆಗೆ ಬರೋಣ. ತಂಗೀ, ನಿಮ್ಮ ಮನೆತನದಲ್ಲಿ ಯಾರೋ ಒಬ್ಬರು ಮೊದಲು ನೀರಿಗೆ ನಿಂತಿದ್ದಾರಲ್ಲ, ಅವರಿಗೆ ಅದು ಪುಕ್ಕಟೆಯಾಗಿ ಸಿಕ್ಕಿರಲಾರದು. ಬಾಸೆಲಿನವರು ಹೆಬಿಕ್, ಲೇನರ್, ಗ್ರೈನರ್ ಎಂಬ ಮೂವರು. 1834ರ ಅಕ್ಟೋಬರಿನಲ್ಲಿ ಮಂಗಳೂರಿಗೆ ಬಂದಿಳಿದರು. ಜರ್ಮನಿಯ ವ್ಯುರ್ಟೆಂಬರ್ಗಿನ ಭಕ್ತಿಪಂಥದ ಗರಡಿಯಲ್ಲಿ ಬೆಳೆದ ಜನ. ಹೊಸಬ ಬಂದು ದೀಕ್ಷೆ ಕೇಳಿದರೆ ಕೊಡಗಟ್ಟಲೆ ಸುರಿಯುತ್ತಿರಲಿಲ್ಲ. ತಿಂಗಳುಗಟ್ಟಲೆ ಪಾಠ, ನಡತೆಯ ಪರೀಕ್ಷೆ, ಪಾಪದ ಅರಿವು ನಿಜವಾಗಿ ಹುಟ್ಟಿದೆಯೇ ಎಂಬ ಶೋಧನೆ. ಯೊರ್ದನ್ ಅವರು ಕೇಳುತ್ತಿರುವ ಮಾನಸಾಂತರವನ್ನೇ ಅವರು ಕೇಳಿದರು. ಆ ದೀಕ್ಷೆ ಪಡೆದವರ ಮಕ್ಕಳಿಗೆ ಮಾತ್ರ ತೊಟ್ಟಿಲಲ್ಲಿ ಕೊಟ್ಟರು.

ನಮ್ಮ ಗದಗ ಸೀಮೆಯ ಒಂದು ಸಂಗತಿ ಕೇಳಿ. 1840ರ ಆಸುಪಾಸು ಹುಬ್ಬಳ್ಳಿ ಕಡೆ ಕಾಲಜ್ಞಾನದ ಮಾತುಗಳನ್ನು ನಂಬಿದ ಒಂದು ಗುಂಪು ಪಾದ್ರಿಗಳ ಬಳಿಗೆ ಬಂತು. ಧರ್ಮದ ರಾಜ್ಯವೊಂದು ಬರಲಿದೆ ಎಂದು ತಮ್ಮ ಹಿರಿಯರು ಹೇಳಿದ್ದರು, ನೀವು ಹೇಳುವ ಯೇಸುವೇ ಅವನಿರಬೇಕು ಎಂದರು. ಸಾವಿರಾರು ಜನ ಬಂದೇಬಿಡುತ್ತಾರೆ ಎಂದು ಬಾಸೆಲಿಗೆ ಕಾಗದಗಳು ಹೋದವು. ಅವರಿಗಾಗಿ ಬೆಟಗೇರಿಯ ಆಚೆ ಮಲಸಮುದ್ರದಲ್ಲಿ ಬೇಸಾಯದ ಒಂದು ಒಕ್ಕಲನ್ನೂ ಕಟ್ಟಿದರು. ಬಂದವರು ಬಯಸಿದ್ದು ಹೊಸ ರಾಜ್ಯ, ಪಾದ್ರಿಗಳು ಕೇಳಿದ್ದು ಒಬ್ಬೊಬ್ಬನ ಪಾಪದ ಅರಿಕೆ. ಎರಡೂ ಕೂಡಲಿಲ್ಲ. ನೀರಿಗೆ ನಿಂತವರು ಬೆರಳೆಣಿಕೆ, ಒಕ್ಕಲು ಉಳಿಯಲಿಲ್ಲ. ಲೆಕ್ಕ ಹೆಚ್ಚಿಸುವುದೇ ಗುರಿಯಾಗಿದ್ದರೆ ಆವತ್ತೇ ಊರೂರಿಗೆ ದೀಕ್ಷೆ ಕೊಟ್ಟು ಕೈತೊಳೆದುಕೊಳ್ಳಬಹುದಿತ್ತು. ಕೊಡಲಿಲ್ಲ ಎಂಬುದಕ್ಕೆ ನನ್ನ ಗೌರವವಿದೆ. ಬಂದವರ ಆಸೆ ಏನೆಂದು ಪೂರ್ತಿ ಕಿವಿಗೊಟ್ಟು ಕೇಳಿದರೇ ಎಂಬ ಅನುಮಾನವೂ ಇದೆ.

ಯೊರ್ದನ್ ಹೊಳೆ:
ಮೇಷ್ಟರೇ, ಮೊದಲ ತಲೆಮಾರಿನವರ ದೀಕ್ಷೆಯನ್ನು ನಾನೂ ಒಪ್ಪುತ್ತೇನೆ. ಆದರೆ ಅಜ್ಜನ ನಂಬಿಕೆ ಮೊಮ್ಮಗಳಿಗೆ ಆಸ್ತಿಯ ಹಾಗೆ ಹರಿದು ಬರುತ್ತದೆಯೇ? ನಾನು ಎತ್ತಿದ ಪ್ರಶ್ನೆಯೇ ಅದು.

ಕುಲಶೇಖರದ ಕಥೋಲಿಕ:
ಅಪೊಸ್ತಲರ ಕೃತ್ಯಗಳಲ್ಲೇ ಫಿಲಿಪ್ಪಿ ಊರಿನ ಸೆರೆಮನೆಯ ಅಧಿಕಾರಿ ಮನೆಮಂದಿಯ ಸಮೇತ ದೀಕ್ಷೆ ಪಡೆದ. ಆ ಮನೆಯಲ್ಲಿ ಒಂದೂ ಮಗು ಇರಲಿಲ್ಲ ಎಂದು ನಿಮಗೆ ಯಾರು ಹೇಳಿದರು?

ಯೊರ್ದನ್ ಹೊಳೆ:
ಇತ್ತು ಎಂದು ನಿಮಗೆ ಯಾರು ಹೇಳಿದರು?

ನಾಗರಬಾವಿ ಓದುಗ:
ನಾನು ಕ್ರೈಸ್ತನಲ್ಲ, ಆದರೂ ಓದುತ್ತಿದ್ದೇನೆ. ಹೊರಗಿನವನ ಎರಡು ಪ್ರಶ್ನೆಗಳು. ನೀರಲ್ಲಿ ಮುಳುಗಿದರೆ ಒಳಗಿನ ಕೊಳೆ ಹೋಗದು ಎಂದು ಶರಣರೂ ದಾಸರೂ ಈ ನೆಲದಲ್ಲಿ ಹೇಳಿ ಹೋಗಿದ್ದಾರೆ. ಒಳಗೆ ನಂಬಿದವನು ಮನೆಯಲ್ಲೇ ಇದ್ದು ನಂಬಿಕೊಂಡಿರಲಿ, ಎಲ್ಲರೆದುರು ನೀರಿಗೆ ನಿಲ್ಲಲೇಬೇಕೆಂಬ ಹಟ ಏಕೆ? ಎರಡನೆಯದು ಸೇವೆಯ ಬಗ್ಗೆ. ಸಂವಿಧಾನದ 25ನೇ ವಿಧಿ ಧರ್ಮ ಪ್ರಸಾರಕ್ಕೆ ಅವಕಾಶ ಕೊಟ್ಟಿದೆ, ನಿಜ. ಮತಾಂತರಿಸುವ ಹಕ್ಕು ಅದರಲ್ಲಿ ಸೇರಿಲ್ಲ ಎಂದು ಸುಪ್ರೀಂ ಕೋರ್ಟ್ 1977ರ ಸ್ಟ್ಯಾನಿಸ್ಲಾಸ್ ಪ್ರಕರಣದಲ್ಲಿ ಹೇಳಿದೆ. ಹಳ್ಳಿಗೆ ಬಂದು "ನೀವು ಪಾಪಿಗಳು" ಎಂದು ಶುರುಮಾಡುವವರ ಮಾತು ಕೇಳುವವರಿಗೆ ಹೇಗೆ ಕೇಳಿಸುತ್ತದೆ ಎಂದು ಯಾರಾದರೂ ಯೋಚಿಸಿದ್ದೀರಾ?

ನಿರ್ವಾಹಕ:
ಕಾನೂನಿನ ಮಾತು ಬಂದದ್ದರಿಂದ ಚಿಕ್ಕ ಸ್ಪಷ್ಟನೆ. 2022ರ ಕರ್ನಾಟಕದ ಮತಾಂತರ ನಿಯಂತ್ರಣ ಕಾಯ್ದೆಯಲ್ಲಿ ಧರ್ಮ ಬದಲಿಸುವವರು 30 ದಿನ ಮೊದಲೇ ಜಿಲ್ಲಾ ಮ್ಯಾಜಿಸ್ಟ್ರೇಟರಿಗೆ ಘೋಷಣೆ ಸಲ್ಲಿಸಬೇಕೆಂಬ ನಿಯಮವಿತ್ತು. ಅದನ್ನು ಹಿಂದೆಗೆದುಕೊಳ್ಳಲು 2023ರ ಜೂನಿನಲ್ಲಿ ಸಚಿವ ಸಂಪುಟ ತೀರ್ಮಾನಿಸಿತು. ಇಲ್ಲಿ ಪ್ರಶ್ನೆ ಕೇಳಿದವರು ಈಗಾಗಲೇ ಕ್ರೈಸ್ತರು, ಆ ಚರ್ಚೆ ಇಲ್ಲಿಗೆ ಬೇಡ. ಪಕ್ಷ ರಾಜಕೀಯದ ಐದು ಪ್ರತಿಕ್ರಿಯೆಗಳನ್ನು ತೆಗೆದಿದ್ದೇನೆ.

ಬೆಟಗೇರಿ ಮೇಷ್ಟರು:
ಓದುಗರ ಮೊದಲ ಪ್ರಶ್ನೆ ಬಹಳ ಒಳ್ಳೆಯದು. ಮಂಗಳೂರಿನ ಮಿಶನ್ ಶಾಲೆಯ ಹುಡುಗರೂ ಅದನ್ನೇ ಕೇಳಿಕೊಂಡಿರಬೇಕು. ಆನಂದರಾವ್ ಕೌಂಡಿನ್ಯ, ಸಾರಸ್ವತ ಬ್ರಾಹ್ಮಣ ಯುವಕ. ಇನ್ನೂ ಇಪ್ಪತ್ತು ತುಂಬಿರಲಿಲ್ಲ. ಮದುವೆಯಾಗಿತ್ತು. ಮೊದಲ ಕನ್ನಡ ಪತ್ರಿಕೆ ಹೊರಡಿಸಿದ ಹರ್ಮನ್ ಮೋಗ್ಲಿಂಗ್ ಅವರ ಗುರು. ಯೇಸುವನ್ನು ಮನಸ್ಸಿನಲ್ಲಿ ಒಪ್ಪಿಕೊಂಡು ಮನೆಯಲ್ಲೇ ಇದ್ದಿದ್ದರೆ ಯಾರೂ ಏನೂ ಅನ್ನುತ್ತಿರಲಿಲ್ಲ. ಇಂಗ್ಲಿಷ್ ಓದಿದ ಹುಡುಗರ ಹುಚ್ಚು ಎಂದು ಬಿಟ್ಟುಬಿಡುತ್ತಿದ್ದರು. 1844ರ ಜನವರಿ 6ರಂದು ಇನ್ನಿಬ್ಬರು ಸಾರಸ್ವತ ಯುವಕರ ಜೊತೆ ಅವರು ದೀಕ್ಷಾಸ್ನಾನ ಪಡೆದರು. ಪಟ್ಟಣದಲ್ಲಿ ದೊಡ್ಡ ಗದ್ದಲವೆದ್ದಿತು. ಗುರುವಿನ ಹೆಸರನ್ನೇ ಸೇರಿಸಿಕೊಂಡು ಹರ್ಮನ್ ಆನಂದರಾವ್ ಕೌಂಡಿನ್ಯರಾದರು.

ಊರು ಕೆರಳಿದ್ದು ನಂಬಿಕೆಯ ಮೇಲಲ್ಲ, ನೀರಿನ ಮೇಲೆ. ನೀರು ಬಿದ್ದ ಮೇಲೆ ಅವರು ಯಾರ ಜೊತೆ ಕೂತು ಉಣ್ಣುತ್ತಾರೆ ಎಂಬುದು ತೀರ್ಮಾನವಾಗಿಬಿಟ್ಟಿತು. ಬಂಗಾಳದಲ್ಲೂ ಹೀಗೇ. ಶ್ರೀರಾಂಪುರದಲ್ಲಿ ಇಂಗ್ಲಿಷ್ ಮಿಶನರಿ ವಿಲಿಯಂ ಕೇರಿಯವರ ಕಡೆಯ ಮೊದಲ ಹಿಂದೂ ವಿಶ್ವಾಸಿ ಕೃಷ್ಣ ಪಾಲ್ ಎಂಬ ಬಡಗಿ. ಕೈ ಕೀಲು ತಪ್ಪಿದಾಗ ಮಿಶನ್ ವೈದ್ಯ ಜಾನ್ ಥಾಮಸ್ ಸರಿಪಡಿಸಿದರು, ಅಲ್ಲಿಂದ ಪರಿಚಯ. 1800ರ ಡಿಸೆಂಬರ್ 28ರಂದು ಹೂಗ್ಲಿ ನದಿಯಲ್ಲಿ ಅವನಿಗೆ ದೀಕ್ಷೆಯಾಯಿತು. ಊರು ರೊಚ್ಚಿಗೆದ್ದದ್ದು ಅದಕ್ಕೂ ಕೆಲವು ದಿನ ಮೊದಲೇ, ಅವನು ಪಾದ್ರಿಗಳ ಜೊತೆ ಕೂತು ಊಟ ಮಾಡಿದಾಗ. ಒಳಗಿನ ನಂಬಿಕೆ ಸಾಕು ಎಂದರೆ ಹೊರಗಿನ ಪಂಕ್ತಿಭೇದ ಹಾಗೇ ಉಳಿಯುತ್ತದೆ, ಓದುಗರೇ. ಶರಣರೂ ಒಳಗೆ ನಂಬಿಕೊಂಡು ಸುಮ್ಮನೆ ಕೂರಲಿಲ್ಲ. ಲಿಂಗ ಕಟ್ಟಿಕೊಂಡರು, ಜೊತೆಗೂಡಿ ಉಂಡರು, ಕಲ್ಯಾಣದಲ್ಲಿ ಅದಕ್ಕೆ ಬೆಲೆ ತೆತ್ತರು.

ಹೆಸರು ಬೇಡ:
ಮೇಷ್ಟರು "ಮದುವೆಯಾಗಿತ್ತು" ಎಂದು ಒಂದು ಮಾತಿನಲ್ಲಿ ದಾಟಿಬಿಟ್ಟಿರಿ. ಆ ಹುಡುಗಿ ಗಂಡನ ಜೊತೆ ಬರಲಿಲ್ಲ, ತನ್ನವರಲ್ಲೇ ಉಳಿದಳು. ಕೌಂಡಿನ್ಯರು ವರ್ಷಗಟ್ಟಲೆ ಕಾದು 1860ರಲ್ಲಿ ಜರ್ಮನಿಯ ಮರೀ ರೈನ್‌ಹಾರ್ಟ್ ಅವರನ್ನು ಮದುವೆಯಾದರು. ಕಾದದ್ದಕ್ಕೆ ಅವರನ್ನು ಹೊಗಳುವವರನ್ನು ಬಹಳ ಕೇಳಿದ್ದೇನೆ. ಅವಳೂ ಕಾದಿರಬಹುದಲ್ಲವೇ, ಗಂಡ ಮರಳಿ ಬರಲಿ ಎಂದು? ಗಂಡ ಬದುಕಿದ್ದಾನೆ, ಆದರೆ ಇಲ್ಲ. ಅವಳನ್ನು ಮುತ್ತೈದೆ ಎನ್ನುವುದೋ ವಿಧವೆ ಎನ್ನುವುದೋ? ಮುಂದೆ 1866ರಲ್ಲಿ ಮತಾಂತರಿತರ ವಿವಾಹ ವಿಚ್ಛೇದನಕ್ಕೆ ಕಾಯ್ದೆ ಬಂತು, ಇಬ್ಬರೂ ಮರುಮದುವೆಯಾಗಬಹುದು ಎಂದು ಅದು ಹೇಳಿತು. ಆ ಕಾಲದ ಬ್ರಾಹ್ಮಣ ಮನೆಯಲ್ಲಿ ಆ "ಇಬ್ಬರೂ" ಎಂಬ ಮಾತಿಗೆ ಏನರ್ಥ? ಪಾಪಕ್ಷಮೆ ಅವರಿಗೆ ಸಿಕ್ಕಿತು, ಒಳ್ಳೆಯದು. ಬೆಲೆ ತೆತ್ತವಳು ಅವಳು.

ಯೊರ್ದನ್ ಹೊಳೆ:
ಅಮ್ಮಾ, ತಂದೆತಾಯಿಗಳನ್ನು, ಮನೆಯವರನ್ನು ನನಗಿಂತ ಹೆಚ್ಚು ಪ್ರೀತಿಸುವವನು ನನಗೆ ಯೋಗ್ಯನಲ್ಲ ಎಂದು ಕರ್ತನೇ ಹೇಳಿದ್ದಾನೆ. ಶಿಷ್ಯತ್ವಕ್ಕೆ ಬೆಲೆ ಇದ್ದೇ ಇರುತ್ತದೆ.

ಹೆಸರು ಬೇಡ:
ಬೆಲೆ ಕೊಡಬೇಕಾದವರು ಶಿಷ್ಯರು. ಶಿಷ್ಯನ ಹೆಂಡತಿ ಎಂದು ಆ ವಾಕ್ಯದಲ್ಲಿ ಎಲ್ಲಿದೆ?

ತುಳುವ:
ಕೌಂಡಿನ್ಯರ ಕಥೆ ದೊಡ್ಡ ಮನೆಯ ಕಥೆ. ಬಾಸೆಲ್ ಮಿಶನಿನ ತುಳುನಾಡಿನ ಸಭೆಗಳಲ್ಲಿ ಹೆಚ್ಚಿನವರು ಬಿಲ್ಲವರು. ಶೇಂದಿ ತೆಗೆಯುವುದು ಕಸುಬು. ಪಾದ್ರಿಗಳ ಲೆಕ್ಕದಲ್ಲಿ ಕುಡಿತವೂ ಪಾಪ, ಕುಡಿತಕ್ಕೆ ಶೇಂದಿ ಇಳಿಸಿಕೊಡುವುದೂ ಪಾಪ. ದೀಕ್ಷೆ ಬೇಕೆಂದರೆ ಮರ ಇಳಿಯಬೇಕು. ಮರ ಇಳಿದವನ ಒಲೆ ಉರಿಯುವುದು ಹೇಗೆ? ಒಕ್ಕಲಾಗಿದ್ದರೆ ಧಣಿ ಭೂಮಿಯನ್ನೂ ಕಿತ್ತುಕೊಳ್ಳುತ್ತಿದ್ದ. ಈ ಇಕ್ಕಟ್ಟಿನಿಂದಲೇ ಮಿಶನ್ ನೇಯ್ಗೆಗೆ ಕೈಹಾಕಿತು, 1865ರಲ್ಲಿ ಮಿಶನಿನ ಪ್ಲೆಬ್ಸ್ಟ್ ಹೆಂಚಿನ ಕಾರ್ಖಾನೆ ಶುರುಮಾಡಿದರು. ಮಂಗಳೂರು ಹೆಂಚು ಎಂದು ಎಲ್ಲರೂ ಹೆಮ್ಮೆಪಡುತ್ತೀರಲ್ಲ, ಅದರ ಹಿಂದೆ ಈ ಪಾಪದ ಲೆಕ್ಕಾಚಾರವೂ ಇದೆ. ಅನ್ನದಾಸೆಗೆ ಮತ ಬಿಟ್ಟರು ಎಂದು ನಮ್ಮವರನ್ನು ಹಂಗಿಸುವವರು ನೋಡಬೇಕಾದದ್ದು ಇಷ್ಟು: ಮೊದಲು ಅನ್ನ ಹೋಯಿತು, ಕಾರ್ಖಾನೆ ಆಮೇಲೆ ಬಂತು. ಕಾರ್ಖಾನೆ ನೋಡಿಕೊಂಡು ಬಂದವರು ಇರಲಿಲ್ಲವೇ? ಇದ್ದರು. ನಾನು ದೇವತೆಗಳ ಸಂತತಿ ಎಂದು ಹೇಳುತ್ತಿಲ್ಲ.

ತೋಟದ ಮನೆ:
ನಾವು ಕೊಡಗಿನವರು, ಹೇಳಲೇಬೇಕಾದ ಮಾತೊಂದಿದೆ. ಮೋಗ್ಲಿಂಗ್ 1853ರಲ್ಲಿ ಇಲ್ಲಿಗೆ ಬಂದರು. ತೋಟ, ಗದ್ದೆಗಳಲ್ಲಿ ಜೀತಕ್ಕಿದ್ದ ಹೊಲೆಯರ ನಡುವೆ ಕೆಲಸ ಬೆಳೆಯಿತು, ಅವರಿಗಾಗಿ ಆನಂದಪುರ ಎಂಬ ಊರನ್ನೇ ಕಟ್ಟಿದರು. ಆ ಜನರಿಗೆ ಮೊದಲ ಬಾರಿ "ನೀನು ಪಾಪಿ, ನಿನ್ನ ಧಣಿಯೂ ಅಷ್ಟೇ ಪಾಪಿ" ಎಂದು ಹೇಳಿದಾಗ ಅದು ಹೇಗೆ ಕೇಳಿಸಿರಬಹುದು? ನಾಗರಬಾವಿಯವರು ಅವಮಾನ ಎನ್ನುತ್ತಾರೆ. ಧಣಿಯ ಕಿವಿಗೆ ಅವಮಾನ, ಒಪ್ಪಿದೆ. ಹುಟ್ಟಿನಿಂದಲೇ ಮೈಲಿಗೆ ಎನಿಸಿಕೊಂಡವನಿಗೆ ಪಾಪ ಎಂಬುದು ಎಲ್ಲರಿಗೂ ಸಮ, ತೊಳೆಯುವ ನೀರೂ ಎಲ್ಲರಿಗೂ ಒಂದೇ ಎನ್ನುವುದು ಬೇರೆಯೇ ಮಾತು. ನನ್ನ ಮುತ್ತಜ್ಜಿಯ ಕಡೆಯವರು ಅಲ್ಲಿಯವರು. ಮುಂದೆ ಸಭೆಯೊಳಗೇ ನಮ್ಮನ್ನು ಬೇರೆ ಸಾಲಿಗೆ ನೋಡಿದ ಕ್ರೈಸ್ತರೂ ಇದ್ದರು, ಅದನ್ನೂ ಬರೆದಿಡಿ.

ನಾಗರಬಾವಿ ಓದುಗ:
ತೋಟದ ಮನೆಯವರ ಮಾತು ನನ್ನನ್ನು ಯೋಚನೆಗೆ ಹಚ್ಚಿದೆ. ಆದರೆ ಎಲ್ಲ ಮಿಶನ್‌ಗಳೂ ಜಾತಿ ಮುರಿಯಲಿಲ್ಲವಲ್ಲ? ಮಧುರೆಯ ಕಥೋಲಿಕ ಪಾದ್ರಿ ಡಿ ನೊಬಿಲಿ ಸಂನ್ಯಾಸಿಯ ವೇಷ ಹಾಕಿಕೊಂಡು ಬ್ರಾಹ್ಮಣರಿಗೆ ಜನಿವಾರ, ಜುಟ್ಟು ಉಳಿಸಿಕೊಳ್ಳಲು ಬಿಟ್ಟರು ಎಂದು ಓದಿದ್ದೇನೆ.

ಕುಲಶೇಖರದ ಕಥೋಲಿಕ:
ನಿಜ. 17ನೇ ಶತಮಾನದ ಮೊದಲ ದಶಕದ ಮಾತು ಅದು. ಶ್ರೀರಂಗಪಟ್ಟಣದ ಕಡೆ ಬಂದ ನಮ್ಮ ಯೇಸುಸಭೆಯ (ಜೆಸ್ವಿಟ್) ಲಿಯೊನಾರ್ಡೊ ಚಿನ್ನಮಿ ಕೂಡ ಅದೇ ದಾರಿ ಹಿಡಿದರು. ಅದಕ್ಕೂ ಮೊದಲು ತಮಿಳು ಕರಾವಳಿಯ ಪರವ ಮೀನುಗಾರರ ನಡುವೆ ಫ್ರಾನ್ಸಿಸ್ ಝೇವಿಯರ್ ಎಷ್ಟು ಜನಕ್ಕೆ ದೀಕ್ಷೆ ಕೊಟ್ಟರೆಂದರೆ ತೋಳು ಸೋತುಹೋಗುತ್ತದೆ ಎಂದು ತಾವೇ ಕಾಗದ ಬರೆದಿದ್ದಾರೆ. ಒಂದೊಂದು ಊರು ಇಡಿಯಾಗಿ. ಬಾಸೆಲಿನವರು ಒಬ್ಬೊಬ್ಬರನ್ನೇ ಸೋಸಿದರು, ನಮ್ಮವರು ಊರನ್ನೇ ಒಳಕ್ಕೆ ಕರೆದು ಆಮೇಲೆ ಕಲಿಸಿದರು. ನನಗೆ ಝೇವಿಯರರ ದಾರಿಯೇ ಮನುಷ್ಯರಿಗೆ ಹತ್ತಿರ ಎನಿಸುತ್ತದೆ. ಇಡೀ ಊರು ಒಟ್ಟಿಗೆ ಬಂದರೆ ಯಾರ ಹೆಂಡತಿಯೂ ಹಿಂದೆ ಉಳಿಯುವುದಿಲ್ಲ.

ಬೆಟಗೇರಿ ಮೇಷ್ಟರು:
ಯಾರ ಜಾತಿಯೂ ಹಿಂದೆ ಉಳಿಯುವುದಿಲ್ಲ ಎಂಬುದನ್ನೂ ಸೇರಿಸಿ. ಅದೂ ಇಡಿಯಾಗಿಯೇ ಒಳಗೆ ಬರುತ್ತದೆ.

ಟ್ಯೂಬಿಂಗೆನ್‌ನಿಂದ:
ಎಲ್ಲರೂ ದೀಕ್ಷೆಯ ಬಗ್ಗೆಯೇ ಮಾತಾಡುತ್ತಿದ್ದೀರಿ. ಪ್ರಶ್ನೆಯ ಉಳಿದರ್ಧ ಸೇವೆಯ ಕರೆ. ನಾನು ಇಲ್ಲಿ, ಜರ್ಮನಿಯ ಟ್ಯೂಬಿಂಗೆನ್‌ನಲ್ಲಿ, ಓದುತ್ತಿರುವ ಕನ್ನಡಿಗ. ಮೋಗ್ಲಿಂಗ್ ಓದಿದ ಊರು ಇದು. ಕನ್ನಡದ ಕೆಲಸಕ್ಕೆ ಅವರಿಗೆ 1858ರಲ್ಲಿ, ಕಿಟೆಲರಿಗೆ 1896ರಲ್ಲಿ ಗೌರವ ಡಾಕ್ಟರೇಟ್ ಕೊಟ್ಟ ವಿಶ್ವವಿದ್ಯಾಲಯವೂ ಇದೇ.

"ದೇವರು ನನ್ನನ್ನು ಕರೆದ" ಎಂದು ಹೇಳಿದ ಮಾತ್ರಕ್ಕೆ ಬಾಸೆಲಿನಲ್ಲಿ ಯಾರನ್ನೂ ಹಡಗು ಹತ್ತಿಸುತ್ತಿರಲಿಲ್ಲ. ಬಂದವರಲ್ಲಿ ಹೆಚ್ಚಿನವರು ರೈತರ, ಕೈಕಸುಬಿನವರ ಮಕ್ಕಳು. ತಮ್ಮ ಬದುಕಿನ ಕಥೆಯನ್ನು, ಪಾಪದ ಅರಿವು ಹೇಗೆ ಹುಟ್ಟಿತು, ಕರೆ ಹೇಗೆ ಬಂತು ಎಂಬುದನ್ನು ಬರೆದು ಸಮಿತಿಗೆ ಒಪ್ಪಿಸಬೇಕಿತ್ತು. ಆಮೇಲೆ ವರ್ಷಗಟ್ಟಲೆ ತರಬೇತಿ. ಮದುವೆಗೂ ಸಮಿತಿಯ ಒಪ್ಪಿಗೆ ಬೇಕು. ಎಷ್ಟೋ ಹೆಣ್ಣುಮಕ್ಕಳು ಮುಖ ನೋಡದ ಪಾದ್ರಿಯನ್ನು ಮದುವೆಯಾಗಲು ಮಂಗಳೂರಿಗೆ ಹಡಗು ಹತ್ತಿದರು. ಅವರದ್ದೂ ಕರೆಯೇ ಎಂದು ಹೇಳಲಾಗುತ್ತಿತ್ತು. ಅವರನ್ನು ಕರೆದದ್ದು ದೇವರೋ ಸಮಿತಿಯೋ ಎಂದು ನನಗೆ ಯಾವಾಗಲೂ ಕುತೂಹಲ.

ಕಿಟೆಲರ ಉದಾಹರಣೆ ನೋಡಿ. ಪಾಪಿಗಳಿಗೆ ಸುವಾರ್ತೆ ಸಾರಲು ಕಳಿಸಿದರೆ ಇವರು ಛಂದಸ್ಸು, ಹಳಗನ್ನಡ ಎಂದು ಕೂರುತ್ತಾರೆ ಎಂಬ ಅಸಮಾಧಾನ ಅವರ ಮೇಲಿತ್ತು. ಅವರು 1853ರಲ್ಲಿ ಬಂದರು, ನಿಘಂಟು ಅಚ್ಚಾದದ್ದು 1894ರಲ್ಲಿ. ಎಷ್ಟು ಜನಕ್ಕೆ ದೀಕ್ಷೆ ಕೊಟ್ಟರು ಎಂದು ಅಳೆದರೆ ಕಿಟೆಲ್ ಸೋತ ಮಿಶನರಿ. ಬೆಂಗಳೂರಿನಲ್ಲಿ ಅವರ ಪ್ರತಿಮೆ ನಿಲ್ಲಿಸಿದ್ದು ಯಾಕೆ ಎಂದು ಯೊರ್ದನ್ ಅವರು ಹೇಳಲಿ.

ಯೊರ್ದನ್ ಹೊಳೆ:
ಪ್ರತಿಮೆ ನಿಲ್ಲಿಸಿದ್ದು ಕನ್ನಡಿಗರು, ಕರ್ತನಲ್ಲ. ನಿಘಂಟು ದೊಡ್ಡ ಕೆಲಸ, ಒಪ್ಪುತ್ತೇನೆ. ಆದರೆ ಮತ್ತಾಯನ ಕೊನೆಯ ಅಧ್ಯಾಯದಲ್ಲಿ ಹೊರಟು ಹೋಗಿ, ಶಿಷ್ಯರನ್ನಾಗಿ ಮಾಡಿ, ದೀಕ್ಷಾಸ್ನಾನ ಕೊಡಿ ಎಂದಿದೆ. ನಿಘಂಟು ಬರೆಯಿರಿ ಎಂದಿಲ್ಲ. ಆ ಆಜ್ಞೆ ಅಪೊಸ್ತಲರ ಕಾಲಕ್ಕೇ ಮುಗಿಯಿತು ಎನ್ನುವವರಿಗೆ ಕೇರಿಯವರು 1792ರಲ್ಲೇ ಉತ್ತರ ಬರೆದರು. ಆಜ್ಞೆ ಇನ್ನೂ ಜಾರಿಯಲ್ಲಿದೆ, ನಾವು ಕೈಕಟ್ಟಿ ಕೂತು ದೇವರೇ ಮಾಡಲಿ ಎನ್ನುವಂತಿಲ್ಲ ಎಂದರು.

ಟ್ಯೂಬಿಂಗೆನ್‌ನಿಂದ:
ಅದೇ ಕೇರಿ ಬಂಗಾಳಿ ವ್ಯಾಕರಣ ಬರೆದರು, ಫೋರ್ಟ್ ವಿಲಿಯಂ ಕಾಲೇಜಿನಲ್ಲಿ ಪಾಠ ಹೇಳಿದರು. ನಾನು ಕರೆಸಿಕೊಂಡದ್ದು ದೀಕ್ಷೆ ಕೊಡುವುದಕ್ಕಲ್ಲ, ಸಾರುವುದಕ್ಕೆ ಎಂದು ಪೌಲನೇ ಕೊರಿಂಥದವರಿಗೆ ಬರೆಯುತ್ತಾನೆ. ನಿಮ್ಮ ಪಾಸ್ಟರ್ ಆ ವಾಕ್ಯ ತೆಗೆದು ಪ್ರಸಂಗ ಮಾಡಿದ್ದು ಉಂಟೇ?

ಗೊಂದಲದಲ್ಲಿ ಒಬ್ಬಳು:
ಎಲ್ಲವನ್ನೂ ಓದಿದೆ. ಮತ್ತೆ ಮುಳುಗುವುದಿಲ್ಲ ಎಂದು ತೀರ್ಮಾನಿಸಿದ್ದೇನೆ. ಕಥೋಲಿಕ ಅಂಕಲ್ ಹೇಳಿದ ಒಂದೇ ಸ್ನಾನದ ಮಾತಿಗಿಂತ ಬಾರ್ತ್ ಅವರ ನಿಲುವು ನನ್ನ ಮನಸ್ಸಿಗೆ ನಾಟಿತು. ನನಗೆ ಕೊಟ್ಟ ರೀತಿ ಸರಿಯಿತ್ತೋ ಇಲ್ಲವೋ, ಕೊಟ್ಟದ್ದನ್ನು ಹಿಂದಕ್ಕೆ ಎಸೆಯಲಾರೆ. ಆ ಸಭೆಗೆ ಪ್ರಾರ್ಥನೆಗೆ ಹೋಗುವುದನ್ನು ನಿಲ್ಲಿಸುವುದಿಲ್ಲ, ಅವರು ಬೇಡ ಎಂದರೆ ಬೇರೆ ಮಾತು. ಸೇವೆಯ ವಿಷಯ ಮಾತ್ರ ಇನ್ನೂ ಬಗೆಹರಿದಿಲ್ಲ. ಕೌಂಡಿನ್ಯರ ಕರೆ ದೇವರದೋ, ಮೋಗ್ಲಿಂಗರದೋ? ಗುರುವನ್ನು ಅಷ್ಟು ಪ್ರೀತಿಸಿದ ಹುಡುಗನಿಗೆ ವ್ಯತ್ಯಾಸ ಗೊತ್ತಾಗುತ್ತಿತ್ತ? ನಾನೂ ಗೆಳತಿಯ ಜೊತೆ ಹೋದವಳು.

ಬೆಟಗೇರಿ ಮೇಷ್ಟರು:
ಗುರುವಿನ ಹೆಸರನ್ನೇ ಇಟ್ಟುಕೊಂಡವನಲ್ಲಿ ಗುರುವಿನ ಪಾಲು ಇಲ್ಲ ಎನ್ನಲಾಗದು. ಆದರೆ ಮುಂದಿನ ವರ್ಷಗಳನ್ನು ನೋಡಬೇಕು. 1846ರಲ್ಲಿ ಬಾಸೆಲಿಗೆ ಹೋಗಿ ಓದಿದರು, 1851ರಲ್ಲಿ ಪಾದ್ರಿಯಾಗಿ ಅಭಿಷಿಕ್ತರಾಗಿ ಮಿಶನರಿಯಾಗಿಯೇ ಮರಳಿದರು. ಹಿಂತಿರುಗಿದ್ದು ಎಲ್ಲಿಗೆ? ಗದ್ದಲವೆದ್ದ ಅದೇ ಮಂಗಳೂರಿಗೆ. ಬಂಧುಗಳು ಓಡಾಡುವ ಬೀದಿಗಳಿಗೆ. ದೂರದ ಯಾವುದಾದರೂ ಊರು ಕೇಳಿಕೊಂಡಿದ್ದರೆ ಯಾರೂ ತಪ್ಪೆನ್ನುತ್ತಿರಲಿಲ್ಲ. ಬಲ್ಮಠದ ಸೆಮಿನರಿಯಲ್ಲಿ ಉಪದೇಶಿಗಳನ್ನು ತಯಾರು ಮಾಡಿದರು. ಮೋಗ್ಲಿಂಗ್ 1860ರಲ್ಲಿ ಶಾಶ್ವತವಾಗಿ ಜರ್ಮನಿಗೆ ಹೊರಟುಹೋದರು, 1881ರಲ್ಲಿ ತೀರಿಕೊಂಡರು. ಶಿಷ್ಯ 1893ರವರೆಗೂ ಬದುಕಿದ್ದು ಕೆಲಸ ಬಿಡಲಿಲ್ಲ. ಗುರು ಎದುರಿಗಿಲ್ಲದ ಮೂವತ್ತು ಚಿಲ್ಲರೆ ವರ್ಷ. ನನ್ನ ಮಟ್ಟಿಗೆ ಉತ್ತರ ಅಲ್ಲಿದೆ.

ಹೆಸರು ಬೇಡ:
ಅದೇ ಊರಿಗೆ ಮರಳಿದರು ಎನ್ನುವುದನ್ನು ನೀವು ಧೈರ್ಯ ಎಂದು ಓದುತ್ತೀರಿ, ಮೇಷ್ಟರೇ. ಅದೇ ಊರಿನಲ್ಲಿ, ಬಹುಶಃ ಕೂಗಳತೆಯ ದೂರದಲ್ಲಿ, ಅವಳೂ ಇದ್ದಳು. ಅವಳು ಅದನ್ನು ಹೇಗೆ ಓದಿದಳೋ.

ಬೆಟಗೇರಿ ಮೇಷ್ಟರು:
ಅದಕ್ಕೆ ನನ್ನ ಹತ್ತಿರ ಉತ್ತರವಿಲ್ಲ, ತಾಯಿ. ಪಾದ್ರಿಗಳು ಸಾಲು ಸಾಲಾಗಿ ಬಾಸೆಲಿಗೆ ಕಾಗದ ಬರೆದರು. ಅವಳಿಗೆ ಬರೆಯಲು ಯಾವ ಸಮಿತಿಯೂ ಇರಲಿಲ್ಲ.

ಯೊರ್ದನ್ ಹೊಳೆ:
ಸಹೋದರಿ, ನಿಮ್ಮ ತೀರ್ಮಾನ ನನಗೆ ಒಪ್ಪಿಗೆಯಿಲ್ಲ, ಹಾಗೆಂದು ಒತ್ತಾಯಿಸುವುದೂ ಇಲ್ಲ. ಸೇವೆಗೆ ಹೋಗುವ ಮನಸ್ಸಾದರೆ ಹಳ್ಳಿಗೇ ಹೋಗಬೇಕೆಂದಿಲ್ಲ. ನಮ್ಮ ಸಭೆಯವರು ಶನಿವಾರಗಳಲ್ಲಿ ಸರಕಾರಿ ಆಸ್ಪತ್ರೆಯ ವಾರ್ಡುಗಳಿಗೆ ಹೋಗುತ್ತೇವೆ, ನೋಡಿಕೊಳ್ಳುವವರಿಲ್ಲದ ರೋಗಿಗಳಿಗೆ ಊಟ ಕೊಟ್ಟು ಬರುತ್ತೇವೆ. ಕೇಳಿದವರಿಗೆ ಮಾತ್ರ ಪ್ರಾರ್ಥನೆ. ಅಲ್ಲಿ ನಿಮ್ಮ ದೀಕ್ಷೆ ಯಾವುದು ಎಂದು ಯಾರೂ ವಿಚಾರಿಸುವುದಿಲ್ಲ.

ನಾಗರಬಾವಿ ಓದುಗ:
ಇದನ್ನು ಮೊದಲೇ ಹೇಳಬಾರದಿತ್ತೇ? ಊಟ ಹಂಚುವುದಕ್ಕೆ ಕ್ರೈಸ್ತರಲ್ಲದವರೂ ಬರಬಹುದೇ?

ಯೊರ್ದನ್ ಹೊಳೆ:
ಬರಬಹುದು. ಬೆಳಿಗ್ಗೆ ಬೇಗ ಬಂದರೆ ತರಕಾರಿ ಹೆಚ್ಚುವುದಕ್ಕೂ ಜನ ಬೇಕು.